ತಡೆಯಬೇಕಾದ ವೇಗ, ತಡೆಯಬಾರದ ವೇಗ: ಮನೆಯ ಮನಸ್ತಾಪಕ್ಕೆ ಆಯುರ್ವೇದ ತೋರಿದ ದಾರಿ



ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಈ ಅಂಕಣದಲ್ಲಿ ಇದುವರೆಗೆ ಹೆಚ್ಚಾಗಿ ಗಾದೆಯ ಮೊದಲರ್ಧವನ್ನು ಕುರಿತೇ ಬರೆಯುತ್ತ ಬಂದಿದ್ದೇನೆ. ಆದರೆ ಎರಡನೆಯ ಅರ್ಧವನ್ನು ಬಿಟ್ಟು ಮೊದಲನೆಯದು ಪೂರ್ಣವಾಗದು ಎಂಬುದನ್ನು ಚಿಕಿತ್ಸಾಲಯವೇ ನನಗೆ ಕಲಿಸಿದೆ. ಆದುದರಿಂದ ಈ ತಿಂಗಳು ಮಾತಿನ ಆರೋಗ್ಯವನ್ನು ಕುರಿತು ವಿಚಾರ ಮಾಡೋಣ.

ಎರಡು ವರ್ಷಗಳ ಹಿಂದೆ, ಕಾರ ಹುಣ್ಣಿಮೆ ಕಳೆದ ವಾರ, ಅರವತ್ತೈದು ದಾಟಿದ ರೈತರೊಬ್ಬರು ಚಿಕಿತ್ಸೆಗೆ ಬಂದರು. ಎದೆಯುರಿ, ಹುಳಿತೇಗು, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ರೆ ಇಲ್ಲ. ಹೃದಯದ ಪರೀಕ್ಷೆಯನ್ನು ಮೊದಲೇ ಮಾಡಿಸಿದ್ದರು, ಅಲ್ಲಿ ದೋಷವಿರಲಿಲ್ಲ. ಅಮ್ಲಪಿತ್ತವೆಂದು ನಿರ್ಣಯಿಸಿ ಅವಿಪತ್ತಿಕರ ಚೂರ್ಣವನ್ನು ಕೊಟ್ಟು, ಖಾರ ಹುಳಿ ಕಡಿಮೆ ಮಾಡಲು ಹೇಳಿ ಕಳುಹಿಸಿದೆ. ಪಥ್ಯವನ್ನು ಅವರು ತಪ್ಪದೆ ಪಾಲಿಸಿದರು. ಆದರೂ ಎರಡು ತಿಂಗಳಲ್ಲಿ ಹೇಳಿಕೊಳ್ಳುವಂತಹ ಗುಣ ಕಾಣಲಿಲ್ಲ. ಮೂರನೆಯ ಸಲ ಬಂದಾಗ ನಾನು ಏನು ಉಣ್ಣುತ್ತೀರಿ ಎಂದು ಕೇಳದೆ, "ಯಾರ ಜೊತೆ ಉಣ್ಣುತ್ತೀರಿ?" ಎಂದು ಕೇಳಿದೆ. ಅವರು ತಲೆ ತಗ್ಗಿಸಿ, "ನಾ ಒಬ್ಬನ ಪಡಸಾಲ್ಯಾಗ ಉಣತೇನ್ರಿ" ಎಂದರು.

ವಿಷಯ ನಿಧಾನವಾಗಿ ಹೊರಬಂದಿತು. ಅವರು ಬೀಗರ ಊರಿಗೆ ಹೋಗಿದ್ದಾಗ ಮಗ ಮನೆಯ ಜೋಡೆತ್ತುಗಳನ್ನು ಮಾರಿದ್ದ. ತಿರುಗಿ ಬಂದ ತಂದೆ ಖಾಲಿ ಗೋದಲಿಯನ್ನು ಕಂಡು, ನೆರೆಹೊರೆಯವರ ಮುಂದೆಯೇ, "ನಾಳೆ ನನ್ನನ್ನೂ ಮಾರತಾನ ಇವ" ಎಂದಿದ್ದರು. ಅಂದಿನಿಂದ ತಂದೆ ಮಕ್ಕಳ ನಡುವೆ ಮಾತಿಲ್ಲ. ಹೇಳಬೇಕಾದುದೆಲ್ಲ ಏಳು ವರ್ಷದ ಮೊಮ್ಮಗಳ ಮೂಲಕ: "ಅಜ್ಜಗ ಊಟಕ್ಕ ಬಾ ಅಂತ ಹೇಳು", "ನಿಮ್ಮಪ್ಪಗ ಹಸಿವಿಲ್ಲ ಅಂತ ಹೇಳು." ಹೀಗೆ ಎಂಟು ತಿಂಗಳು ಕಳೆದಿದ್ದವು. ಆ ವರ್ಷದ ಕಾರ ಹುಣ್ಣಿಮೆಯಂದು ಊರೆಲ್ಲ ಎತ್ತುಗಳನ್ನು ಶೃಂಗರಿಸಿ ಮೆರೆಸುವಾಗ ಅವರು ಬಾಗಿಲು ಹಾಕಿಕೊಂಡು ಒಳಗೆ ಮಲಗಿದ್ದರಂತೆ.

ಶಾಸ್ತ್ರ ಏನು ಹೇಳುತ್ತದೆ?

ಚಿಂತೆ, ಶೋಕ, ಭಯ, ಕ್ರೋಧ ಮತ್ತು ನಿದ್ರೆಗೇಡು ಇರುವವನಿಗೆ, ಹಿತವಾದ ಆಹಾರವನ್ನು ಮಿತವಾಗಿ ಸೇವಿಸಿದರೂ ಅದು ಸರಿಯಾಗಿ ಜೀರ್ಣವಾಗದು ಎಂದು ಚರಕಸಂಹಿತೆಯ ವಿಮಾನಸ್ಥಾನ ಸ್ಪಷ್ಟವಾಗಿ ಹೇಳುತ್ತದೆ. ಆರೋಗ್ಯದ ಲಕ್ಷಣವನ್ನು ಹೇಳುವಾಗ ಸುಶ್ರುತಾಚಾರ್ಯರು ದೋಷ, ಅಗ್ನಿ, ಧಾತು, ಮಲಗಳ ಸಮತ್ವಕ್ಕೆ ನಿಲ್ಲದೆ ಆತ್ಮ, ಇಂದ್ರಿಯ ಮತ್ತು ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿದ್ದಾರೆ. ಆಧುನಿಕ ವೈದ್ಯಶಾಸ್ತ್ರವೂ ಬೇರೆ ಮಾತನ್ನು ಹೇಳುವುದಿಲ್ಲ. ಕೋಪ ಬಂದಾಗ ಅಡ್ರಿನಲಿನ್ ಮುಂತಾದ ಸ್ರಾವಗಳು ಹೆಚ್ಚುತ್ತವೆ, ಹೃದಯದ ಬಡಿತ ಮತ್ತು ರಕ್ತದ ಒತ್ತಡ ಏರುತ್ತವೆ, ಜೀರ್ಣಾಂಗಗಳ ಕೆಲಸ ಕುಂಠಿತವಾಗುತ್ತದೆ. ಜಗಳ ಮುಗಿದರೂ ಮನಸ್ಸು ಅದನ್ನೇ ಮೆಲುಕು ಹಾಕುತ್ತಿದ್ದರೆ ಶರೀರದ ಪಾಲಿಗೆ ಜಗಳ ಮುಗಿದಿರುವುದಿಲ್ಲ.

ಆದರೆ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದ ವಿಷಯ. ಅಲ್ಲಿ ಆಚಾರ್ಯರು ಎರಡು ಪಟ್ಟಿಗಳನ್ನು ಕೊಡುತ್ತಾರೆ. ಮೊದಲನೆಯದು ತಡೆಯಬಾರದ 13 ವೇಗಗಳು: ಮಲ, ಮೂತ್ರ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ರೆ ಮುಂತಾದವು. ಈ ಪಟ್ಟಿಯಲ್ಲಿ ಕಣ್ಣೀರೂ ಸೇರಿದೆ. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ರೋಗ, ಹೃದ್ರೋಗ, ಅರುಚಿ, ತಲೆ ತಿರುಗುವಿಕೆ ಉಂಟಾಗುತ್ತವೆ ಎನ್ನುತ್ತಾರೆ. ಅದಕ್ಕೆ ಸೂಚಿಸಿದ ಪರಿಹಾರಗಳಲ್ಲಿ ನಿದ್ರೆ ಮತ್ತು ಪ್ರಿಯವಾದ ಮಾತುಕತೆ ಇವೆ. ಎರಡನೆಯದು ತಡೆಯಲೇಬೇಕಾದ ವೇಗಗಳ ಪಟ್ಟಿ. ಮನಸ್ಸಿಗೆ ಸಂಬಂಧಿಸಿ ಲೋಭ, ಕ್ರೋಧ, ಅಭಿಮಾನ, ಈರ್ಷ್ಯೆ ಮುಂತಾದವು. ಮಾತಿಗೆ ಸಂಬಂಧಿಸಿ ಐದು ದೋಷಗಳು.

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. "ಗಂಡಸಾಗಿ ಅಳಬಾರದು" ಎಂದು ಕಣ್ಣೀರನ್ನು ತಡೆಯುತ್ತೇವೆ. "ನಾನು ನೇರ ಮನುಷ್ಯ, ಅಂದೇ ಬಿಡುತ್ತೇನೆ" ಎಂದು ಕೋಪವನ್ನು ಹರಿಯಬಿಡುತ್ತೇವೆ. ತಡೆಯಬಾರದ್ದನ್ನು ತಡೆದು, ತಡೆಯಬೇಕಾದುದನ್ನು ಬಿಡುವ ಈ ತಲೆಕೆಳಗಾದ ಅಭ್ಯಾಸವೇ ಬಹುಪಾಲು ಮನಸ್ತಾಪಗಳ ಮೂಲ. ಕೋಪದ ಕೆಳಗೆ ಸಾಮಾನ್ಯವಾಗಿ ಒಂದು ದುಃಖವಿರುತ್ತದೆ. ದುಃಖವನ್ನು ಹೇಳಿಕೊಂಡರೆ ಎದುರಿನವನು ಹತ್ತಿರ ಬರುತ್ತಾನೆ, ಕೋಪವನ್ನು ಎರಚಿದರೆ ದೂರ ಸರಿಯುತ್ತಾನೆ. ಮನಸ್ತಾಪ ಬಗೆಹರಿಸುವ ವಿದ್ಯೆಯ ಸಾರವೆಲ್ಲ ಇಷ್ಟರಲ್ಲಿದೆ. ಉಳಿದುದು ಅಭ್ಯಾಸ.

ಮಾತಿನ ಐದು ದೋಷಗಳು

ಚರಕಾಚಾರ್ಯರು ತಡೆಯಬೇಕೆಂದು ಹೇಳಿದ ಮಾತಿನ ಐದು ದೋಷಗಳನ್ನು ಇಂದಿನ ಸಂಸಾರಕ್ಕೆ ಹೊಂದಿಸಿ ನೋಡೋಣ.

1. ಪರುಷ, ಅಂದರೆ ಬಿರುಸು ಮಾತು. ಜಗಳದಲ್ಲಿ ನಮ್ಮ ವಾಕ್ಯಗಳೆಲ್ಲ "ನೀನು" ಎಂದೇ ಆರಂಭವಾಗುತ್ತವೆ: "ನೀನು ಹೊಣೆಗೇಡಿ", "ನಿನ್ನ ತವರಿನವರೇ ಹಾಗೆ." ಇದು ಕೃತ್ಯವನ್ನು ಬಿಟ್ಟು ವ್ಯಕ್ತಿಯನ್ನೇ ಹೊಡೆಯುವ ಮಾತು. ಬದಲಿಗೆ ನಡೆದ ಸಂಗತಿಯನ್ನೂ ಅದರಿಂದ ತನಗಾದ ನೋವನ್ನೂ ಹೇಳಬೇಕು: "ನನ್ನನ್ನು ಕೇಳದೆ ಈ ಕೆಲಸ ಆಯಿತು, ನಾನು ಈ ಮನೆಗೆ ಬೇಡವಾದೆನೇನೋ ಎನಿಸಿತು." ಕೃತ್ಯವನ್ನು ತಿದ್ದಿಕೊಳ್ಳಲು ಸಾಧ್ಯವಿದೆ, ತನ್ನ ಹುಟ್ಟನ್ನು ತಿದ್ದಿಕೊಳ್ಳಲು ಯಾರಿಂದಲೂ ಆಗದು.

2. ಅತಿಮಾತ್ರ, ಅಂದರೆ ಮಿತಿ ಮೀರಿದ ಮಾತು. ಇಂದಿನ ವಿಷಯ ವಿದ್ಯುತ್ ಬಿಲ್ಲಿನದು; ಮಾತು ಮಾತ್ರ ಹದಿನೈದು ವರ್ಷಗಳ ಹಿಂದಿನ ಮದುವೆಯಲ್ಲಿ ಯಾರಿಗೆ ಯಾವ ಸೀರೆ ಉಡಿಸಿದರೆಂಬಲ್ಲಿಗೆ ಹೋಗುತ್ತದೆ. ಒಂದು ಬೈಠಕ್ಕಿಗೆ ಒಂದೇ ವಿಷಯ ಎಂಬ ನಿಯಮವಿರಲಿ. ಹಳೆಯ ಗಾಯ ನಿಜವಾಗಿ ನೋಯುತ್ತಿದ್ದರೆ ಅದಕ್ಕೆ ಬೇರೊಂದು ದಿನ ಗೊತ್ತುಮಾಡಿ.

3. ಸೂಚಕ, ಅಂದರೆ ಚಾಡಿ ಮತ್ತು ಚುಚ್ಚುಮಾತು. ಅತ್ತೆಯ ಮೇಲಿನ ಕೋಪವನ್ನು ಪಾತ್ರೆಯ ಮೇಲೆ ತೀರಿಸುವುದು, ಸೊಸೆಗೆ ಕೇಳಿಸಲೆಂದು ನೆರೆಯವಳಿಗೆ ಹೇಳುವುದು, ಮೊಬೈಲಿನ ಸ್ಟೇಟಸ್ಸಿನಲ್ಲಿ ಯಾರಿಗೋ ತಾಗುವ ಮಾತು ಹಾಕುವುದು, ಮಗುವಿನ ಕೈಯಲ್ಲಿ ಹೇಳಿಕಳುಹಿಸುವುದು ಎಲ್ಲವೂ ಇದೇ ಜಾತಿ. ಯಾರೊಂದಿಗೆ ಮನಸ್ತಾಪವೋ ಅವರೊಂದಿಗೇ ಎದುರು ಕುಳಿತು ಮಾತನಾಡತಕ್ಕದ್ದು. ಹಿರಿಯರ ಜಗಳವನ್ನು ಹೊತ್ತು ತಿರುಗುವ ಮಗುವಿಗೆ ಹೊಟ್ಟೆನೋವು, ಹಾಸಿಗೆಯಲ್ಲಿ ಮೂತ್ರ, ಓದಿನಲ್ಲಿ ಹಿಂದೆ ಬೀಳುವಿಕೆ ಉಂಟಾಗುವುದನ್ನು ನಾನು ಅನೇಕ ಸಲ ಕಂಡಿದ್ದೇನೆ.

4. ಅನೃತ, ಅಂದರೆ ಸುಳ್ಳು. "ನಾನೆಂದೂ ಸುಳ್ಳು ಹೇಳುವುದಿಲ್ಲ" ಎನ್ನುವವರೂ ಜಗಳದಲ್ಲಿ "ಯಾವಾಗಲೂ", "ಒಂದು ದಿನವೂ ಇಲ್ಲ", "ಎಲ್ಲರೂ ಹೇಳುತ್ತಾರೆ" ಎನ್ನುತ್ತಾರೆ. ಇವು ಅತಿಶಯೋಕ್ತಿಯ ವೇಷ ತೊಟ್ಟ ಸುಳ್ಳುಗಳು. "ಒಂದು ದಿನವೂ ನೀನು ನನಗೆ ನೆರವಾಗಿಲ್ಲ" ಎಂದರೆ ಎದುರಿನವರು ತಾವು ನೆರವಾದ ಆ ಒಂದು ದಿನವನ್ನು ಹುಡುಕಿ ತಂದು ವಾದಿಸುತ್ತಾರೆ. ಮೂಲ ವಿಷಯ ಹಾಗೆಯೇ ಉಳಿಯುತ್ತದೆ. "ಈ ವಾರ ಮೂರು ದಿನ" ಎಂದು ಇದ್ದುದನ್ನು ಇದ್ದಷ್ಟೇ ಹೇಳಿ.

5. ಅಕಾಲ, ಅಂದರೆ ಹೊತ್ತಲ್ಲದ ಹೊತ್ತಿನ ಮಾತು. ಹಸಿದಾಗ, ಉಣ್ಣುವಾಗ, ಹೊಲದಿಂದಲೋ ಕಚೇರಿಯಿಂದಲೋ ದಣಿದು ಬಂದ ಕ್ಷಣದಲ್ಲಿ, ಬೀಗರ ಮುಂದೆ, ಮಲಗುವ ಹೊತ್ತಿನಲ್ಲಿ ವಿವಾದ ಎತ್ತಬಾರದು. ಮದ್ಯ ಸೇವಿಸಿದವರೊಂದಿಗೆ ಆ ಹೊತ್ತಿನಲ್ಲಿ ಯಾವ ನ್ಯಾಯವನ್ನೂ ಮಾತನಾಡಬಾರದು. ನೀವು ಹೇಳುವ ಮಾತು ಸತ್ಯವೇ ಇರಬಹುದು. ಅಕಾಲದಲ್ಲಿ ಕೊಟ್ಟ ಔಷಧದಂತೆ ಅದೂ ಅಪಾಯ ಮಾಡುತ್ತದೆ.

ಕುಳಿತು ಮಾತನಾಡುವ ಕ್ರಮ

ವೈದ್ಯರು ಪರಸ್ಪರ ಚರ್ಚಿಸುವ ವಿಧಾನವನ್ನು ಹೇಳುವಾಗ ಚರಕಸಂಹಿತೆ ಎರಡು ಬಗೆಯನ್ನು ಗುರುತಿಸುತ್ತದೆ: ಸ್ನೇಹದಿಂದ ಕೂಡಿ ಆಡುವ ಸಂಧಾಯ ಸಂಭಾಷೆ ಮತ್ತು ಗೆಲ್ಲಬೇಕೆಂದು ಆಡುವ ವಿಗೃಹ್ಯ ಸಂಭಾಷೆ. ಮೊದಲನೆಯ ಬಗೆಯಲ್ಲಿ ವಿಶ್ವಾಸದಿಂದ ಕೇಳಬೇಕು, ವಿಶ್ವಾಸದಿಂದ ಹೇಳಬೇಕು, ಸೋಲುವೆನೆಂದು ಹೆದರಬಾರದು, ಎದುರಿನವರು ಸೋತರೆ ಹಿಗ್ಗಬಾರದು, ಅದನ್ನು ಇತರರ ಮುಂದೆ ಕೊಚ್ಚಿಕೊಳ್ಳಬಾರದು ಎಂದು ವಿಧಿಸುತ್ತದೆ. ಮನೆಯ ಮಾತುಕತೆಗೆ ಇದಕ್ಕಿಂತ ಒಳ್ಳೆಯ ನಿಯಮಾವಳಿ ನನಗೆ ತಿಳಿದಿಲ್ಲ. ಅದನ್ನು ಆಚರಣೆಗೆ ತರುವ ಕ್ರಮ ಹೀಗಿದೆ.

ಮೊದಲನೆಯದಾಗಿ, ಹೊತ್ತನ್ನು ಕೇಳಿ ಪಡೆಯಬೇಕು. "ಒಂದು ವಿಷಯ ಮಾತಾಡಬೇಕು, ಯಾವಾಗ ಅನುಕೂಲ?" ಎಂಬ ಪ್ರಶ್ನೆಯೇ ಅರ್ಧ ಗೌರವವನ್ನು ಮರಳಿಸುತ್ತದೆ. ಮಾತಿನ ನಡುವೆ ಕೋಪ ಏರಿದರೆ ಎದ್ದು ಹೋಗಬಹುದು. ಆದರೆ ಯಾವಾಗ ಮರಳುವೆನೆಂದು ಹೇಳಿ ಹೋಗಬೇಕು. "ಈಗ ಮನಸ್ಸು ಕಾದಿದೆ, ಅರ್ಧ ಗಂಟೆ ಬಿಟ್ಟು ಕೂಡೋಣ" ಎಂದರೆ ಅದು ವಿರಾಮ. ಏನೂ ಹೇಳದೆ ಎದ್ದು ಹೋಗಿ ನಾಲ್ಕು ದಿನ ಮುಖ ತಿರುಗಿಸಿದರೆ ಅದು ವಿರಾಮವಲ್ಲ, ಶಿಕ್ಷೆ.

ಎರಡನೆಯದಾಗಿ, ಕೇಳಿದ್ದನ್ನು ತಿರುಗಿ ಹೇಳಬೇಕು. ಎದುರಿನವರು ಮುಗಿಸಿದ ಮೇಲೆ, "ನೀನು ಹೇಳುವುದು ಇದು, ಸರಿಯೇ?" ಎಂದು ಅವರ ಮಾತನ್ನು ಅವರು ಒಪ್ಪುವಂತೆ ಹೇಳಿದ ಬಳಿಕವೇ ನಮ್ಮ ಮಾತನ್ನು ಆರಂಭಿಸಬೇಕು. ರೋಗಿಯ ಮಾತನ್ನು ಪೂರ್ತಿ ಕೇಳದೆ ಔಷಧ ಬರೆಯುವ ವೈದ್ಯನೂ, ಮಗನ ಮಾತನ್ನು ಪೂರ್ತಿ ಕೇಳದೆ ತೀರ್ಪು ಕೊಡುವ ತಂದೆಯೂ ಒಂದೇ ತಪ್ಪನ್ನು ಮಾಡುತ್ತಾರೆ. ತಿರುಗಿ ಹೇಳಿದ ಮಾತ್ರಕ್ಕೆ ಒಪ್ಪಿದಂತಾಗಲಿಲ್ಲ. ಕೇಳಿದೆನೆಂಬುದಕ್ಕೆ ಅದು ಸಾಕ್ಷಿ.

ಮೂರನೆಯದಾಗಿ, ಪಟ್ಟು ಬೇರೆ, ಅಗತ್ಯ ಬೇರೆ ಎಂಬುದನ್ನು ಅರಿಯಬೇಕು. "ಎತ್ತು ತಿರುಗಿ ತಾ" ಎಂಬುದು ಪಟ್ಟು. ಅದರ ಹಿಂದಿನ ಅಗತ್ಯವೇನೆಂದು ಕೇಳಿದರೆ ಉತ್ತರ ಬೇರೆಯೇ ಇರಬಹುದು. ಪಟ್ಟುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಅಗತ್ಯಗಳು ಎಷ್ಟೋ ಸಲ ಒಂದೇ ಸೂರಿನಡಿ ಹೊಂದಿಕೊಳ್ಳುತ್ತವೆ.

ನಾಲ್ಕನೆಯದಾಗಿ, ತಪ್ಪೊಪ್ಪಿಗೆಗೆ ಬಾಲ ಕಟ್ಟಬಾರದು. "ತಪ್ಪಾಯಿತು, ಆದರೆ ನೀನೂ..." ಎಂಬುದು ತಪ್ಪೊಪ್ಪಿಗೆಯಲ್ಲ. "ಜನರ ಮುಂದೆ ಹಾಗೆ ಅಂದದ್ದು ತಪ್ಪಾಯಿತು" ಎಂದು ಯಾವುದು ತಪ್ಪೋ ಅದನ್ನು ಹೆಸರಿಸಿ ಅಲ್ಲಿಗೇ ನಿಲ್ಲಿಸಬೇಕು.

ಐದನೆಯದಾಗಿ, ಕೊನೆಯಲ್ಲಿ ಒಂದು ಸಣ್ಣ ಒಪ್ಪಂದವಿರಲಿ: ಯಾರು, ಏನನ್ನು, ಯಾವಾಗಿನಿಂದ ಮಾಡುವರು ಎಂಬುದು ಸ್ಪಷ್ಟವಾಗಲಿ. ಹಣ, ನೀರಿನ ಪಾಳಿ, ಹೊಲದ ಬದುವಿನ ವಿಷಯವಾದರೆ ಬರೆದಿಡುವುದು ಒಳ್ಳೆಯದು. ಬರೆದಿಡುವುದೆಂದರೆ ಅಪನಂಬಿಕೆಯಲ್ಲ, ನಾಳೆಯ ಮರೆವಿಗೆ ಮದ್ದು.

ಆ ತಂದೆ ಮಗ

ಮೇಲೆ ಹೇಳಿದ ರೈತರ ಮಗನನ್ನು ಮರುವಾರ ಕರೆಸಿ, ಇಬ್ಬರನ್ನೂ ಎದುರುಬದುರು ಕೂಡಿಸಿದೆ. ಮೊದಲು ಕೋಪವೇ ಹೊರಬಂದಿತು. ಆಗ ನಾನು ತಂದೆಯವರಿಗೆ, "ಮಗ ಮಾಡಿದ್ದನ್ನು ಹೇಳಬೇಡಿ, ಖಾಲಿ ಗೋದಲಿ ನೋಡಿದಾಗ ನಿಮಗೇನಾಯಿತು ಹೇಳಿ" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹನ್ನೊಂದು ವರ್ಷ ದುಡದಾವು. ಹೋಗೂ ಮುಂದ ಒಮ್ಮೆ ಮೈ ಸವರಲಿಕ್ಕೂ ಸಿಗಲಿಲ್ಲ" ಎಂದು ಅತ್ತುಬಿಟ್ಟರು. ಮಗ ತಂದೆಯ ಕಣ್ಣೀರನ್ನು ಅಂದೇ ಮೊದಲು ಕಂಡದ್ದು. ಅವನೂ ತನ್ನ ಮಾತನ್ನು ಹೇಳಿದ. ಸೊಸೈಟಿಯ ಸಾಲದ ಕಂತು ಬಾಕಿ ಬಿದ್ದಿತ್ತು, ಮೇವಿಗೆ ದುಡ್ಡಿರಲಿಲ್ಲ, ಹೇಳಿದರೆ ತಂದೆ ಒಪ್ಪುವುದಿಲ್ಲವೆಂದು ಹೆದರಿ ಅವರು ಊರಲ್ಲಿಲ್ಲದಾಗ ಮಾರಿದ್ದ. "ಸಾಲದ ಮಾತು ನಿಮಗ ಗೊತ್ತಾಗಬಾರದು ಅಂತ ಇತ್ತು" ಎಂದ.

ಎತ್ತುಗಳು ತಿರುಗಿ ಬರಲಿಲ್ಲ. ಬಾಡಿಗೆ ಟ್ರ್ಯಾಕ್ಟರಿನ ಉಳುಮೆಯನ್ನು ಆ ಹಿರಿಯರು ಇಂದಿಗೂ ಒಪ್ಪುವುದಿಲ್ಲ. ಆದರೆ ಮನೆಯ ಲೆಕ್ಕಪತ್ರವನ್ನು ತಿಂಗಳಿಗೊಮ್ಮೆ ತಂದೆಯ ಮುಂದೆ ಇಡುವುದೆಂದು ಮಗ ಒಪ್ಪಿದ; ಜನರ ಮುಂದೆ ಮಗನನ್ನು ಹಳಿಯುವುದಿಲ್ಲವೆಂದು ತಂದೆ ಒಪ್ಪಿದರು; ರಾತ್ರಿಯ ಊಟ ಎಲ್ಲರೂ ಒಂದೇ ಪಂಕ್ತಿಯಲ್ಲಿ ಎಂದು ಮೊಮ್ಮಗಳ ಮುಂದೆ ತೀರ್ಮಾನವಾಯಿತು. ಹಳೆಯ ಔಷಧವನ್ನೇ ಮುಂದುವರಿಸಿದೆ. ಈ ಸಲ ಅದು ಕೆಲಸ ಮಾಡಿತು. ಮಾತೊಂದೇ ಅಮ್ಲಪಿತ್ತವನ್ನು ವಾಸಿಮಾಡಿತೆಂದು ನಾನು ಹೇಳಲಾರೆ. ಔಷಧ ಕೆಲಸ ಮಾಡಲು ಬಿಡದ ಅಡ್ಡಿಯೊಂದು ದೂರವಾಯಿತು ಎನ್ನಬಲ್ಲೆ.

ಶರಣರ ಮಾರ್ಗ

ನಮ್ಮ ಪರಂಪರೆಗೆ ಈ ವಿದ್ಯೆ ಹೊಸದಲ್ಲ. 12ನೆಯ ಶತಮಾನದ ಕಲ್ಯಾಣದ ಅನುಭವ ಮಂಟಪದಲ್ಲಿ ಬೇರೆ ಬೇರೆ ಕಾಯಕದ ಸ್ತ್ರೀಪುರುಷರು ಒಂದೆಡೆ ಕುಳಿತು, ಒಬ್ಬರನ್ನೊಬ್ಬರು ಪ್ರಶ್ನಿಸುತ್ತ ಅನುಭಾವವನ್ನು ಹಂಚಿಕೊಂಡರು. ಭಿನ್ನಾಭಿಪ್ರಾಯವಿರಲಿಲ್ಲವೆಂದಲ್ಲ, ಭಿನ್ನಾಭಿಪ್ರಾಯವಿದ್ದೂ ಜೊತೆಯಲ್ಲಿ ಕುಳಿತಿದ್ದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಮರಳಿ ಚೆಲ್ಲಿ ಬರುವಂತೆ ತಿಳಿಹೇಳಿದ ಪ್ರಸಂಗವನ್ನು ಎಲ್ಲರೂ ಬಲ್ಲೆವು. ಅಲ್ಲಿ ಗಮನಿಸಬೇಕಾದುದು, ಆಕೆ ಪತಿಯನ್ನು ಹೀನೈಸದೆ ಅಂದಿನ ಆ ಒಂದು ಕೃತ್ಯವನ್ನು ಮಾತ್ರ ತಿದ್ದಿದರು. ಆತನೂ ಹೆಂಡತಿ ಹೇಳಿದಳೆಂದು ಕುಗ್ಗಲಿಲ್ಲ. ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಒಂದು. ತಾನು ಕಿರಿಯನೆಂದು ನಡೆಯುವ ಆ ಭಾವವು ಮಠದ ಅಂಗಳಕ್ಕೆ ಮಾತ್ರ ಮೀಸಲಾಗದೆ ಅಡುಗೆಮನೆಗೂ ಪಡಸಾಲೆಗೂ ಬರಬೇಕು. ಬೆಳಿಗ್ಗೆ ಸಂಜೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸುವ ಅಭ್ಯಾಸವಿರುವವರಿಗೆ ಉಸಿರು ನಿಧಾನವಾಗುವ ಅನುಭವ ಪರಿಚಿತ. ಕಠಿಣವಾದ ಮಾತುಕತೆಯನ್ನು ಪೂಜೆಯ ನಂತರಕ್ಕೆ ಇಟ್ಟುಕೊಳ್ಳಿ, ಅದೇ ಸಕಾಲ.

ಶರೀರಕ್ಕೂ ಸ್ವಲ್ಪ ನೆರವು ಬೇಕು. ರಾತ್ರಿ ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ ಅಥವಾ ತುಪ್ಪ ಸವರಿಕೊಳ್ಳುವುದು, ಕೊತ್ತಂಬರಿ ಬೀಜ ನೆನೆಸಿದ ನೀರನ್ನು ಬೆಳಿಗ್ಗೆ ಸೇವಿಸುವುದು, ಖಾಲಿ ಹೊಟ್ಟೆಯಲ್ಲಿ ಚಹಾ ಕಾಫಿ ಬಿಡುವುದು, ದಿನಕ್ಕೆ ಹತ್ತು ನಿಮಿಷ ನಿಧಾನವಾದ ಉಸಿರಾಟದ ಅಭ್ಯಾಸ ಪಿತ್ತಪ್ರಕೃತಿಯವರಿಗೆ ಹಿತ. ಎದೆನೋವು, ಬೆವರು, ಉಸಿರು ಕಟ್ಟುವಿಕೆ ಇದ್ದರೆ ಅದನ್ನು ಪಿತ್ತವೆಂದು ಬಗೆಯದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮೂರನೆಯವರ ನೆರವು ಯಾವಾಗ?

ಇಬ್ಬರಿಂದಲೇ ಆಗದಿದ್ದರೆ ಇಬ್ಬರೂ ಒಪ್ಪುವ ಹಿರಿಯರನ್ನು ಕೂಡಿಸಿಕೊಳ್ಳಿ. ಅವರು ಯಾರ ಪಕ್ಷವನ್ನೂ ವಹಿಸದೆ, ಕೇಳಿದ್ದನ್ನು ಊರಿಗೆ ಹಂಚದೆ ಇರುವವರಾಗಿರಲಿ. ಮಠಗಳೂ ಈ ಸೇವೆ ಸಲ್ಲಿಸುತ್ತ ಬಂದಿವೆ. ಸಿರಿಗೆರೆಯ ಶ್ರೀ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠ ಇದಕ್ಕೆ ಹೆಸರಾದ ಉದಾಹರಣೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ನಡೆಯುವ ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿ ರಾಜಿಯಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ಮೇಲೆ ಮೇಲ್ಮನವಿ ಇಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮೇಲೆ ಹೇಳಿದ್ದೆಲ್ಲ ಮನಸ್ತಾಪಕ್ಕೆ ಸಂಬಂಧಿಸಿದ್ದು, ಹಿಂಸೆಗೆ ಸಂಬಂಧಿಸಿದ್ದಲ್ಲ. ಹೊಡೆತ, ವರದಕ್ಷಿಣೆಯ ಪೀಡೆ, ಹಿರಿಯರನ್ನು ಉಪವಾಸ ಕೆಡಹುವುದು ಇವುಗಳೆದುರು "ಹೊಂದಿಕೊಂಡು ಹೋಗು" ಎಂದು ಹೆಣ್ಣುಮಗಳಿಗೂ ಹಿರಿಯರಿಗೂ ಉಪದೇಶಿಸುವುದು ಅಧರ್ಮ. ಅಲ್ಲಿ ಮೊದಲು ರಕ್ಷಣೆ, ಆಮೇಲೆ ಮಾತು. ತುರ್ತು ನೆರವಿಗೆ 112ಕ್ಕೆ ಕರೆ ಮಾಡಬೇಕು. ಜೀವನವೇ ಬೇಡವೆನಿಸುವಷ್ಟು ಮನಸ್ಸು ಕುಸಿದಿದ್ದರೆ 14416 ಸಂಖ್ಯೆಯ ಟೆಲಿ ಮಾನಸ ಸಹಾಯವಾಣಿಯಲ್ಲಿ ಮಾತನಾಡಬಹುದು.

ಕೊನೆಯದಾಗಿ, ಈ ವಿಷಯವನ್ನು ನಾನು ತಡವಾಗಿ ಕಲಿತವನು. ಮನೆ ಪಾಲಾದ ಸಂದರ್ಭದಲ್ಲಿ ನನಗೂ ನನ್ನ ತಮ್ಮನಿಗೂ ಮಾತು ನಿಂತಿತ್ತು. ತಪ್ಪು ಅವನದೆಂದು ನಾನು, ನನ್ನದೆಂದು ಅವನು. ಹಬ್ಬಕ್ಕೆ ಹೋಗೋಣ, ಜಾತ್ರೆಗೆ ಸಿಕ್ಕಾಗ ನೋಡೋಣ ಎಂದು ನಾಲ್ಕು ವರ್ಷ ಮುಂದೂಡಿದೆ. ಅವನಿಗೆ ಪಕ್ಷಾಘಾತವಾದ ಸುದ್ದಿ ಕೇಳಿ ಓಡಿದಾಗ ಅವನ ಮಾತು ಹೋಗಿತ್ತು. ನನ್ನ ಕೈ ಹಿಡಿದು ಏನನ್ನೋ ಹೇಳಲು ಬಹಳ ಪ್ರಯತ್ನಪಟ್ಟ. ಅದೇನೆಂಬುದು ನನಗೆ ತಿಳಿಯಲಿಲ್ಲ. ಅಂದಿನಿಂದ ನನ್ನಲ್ಲಿಗೆ ಬರುವ ರೋಗಿಗಳನ್ನು, "ಮನೆಯಲ್ಲಿ ಯಾರೊಂದಿಗಾದರೂ ಮಾತು ಬಿಟ್ಟಿದ್ದೀರಾ?" ಎಂದು ಕೇಳುತ್ತೇನೆ.

ನಾವು ಒಬ್ಬರನ್ನೊಬ್ಬರು ಕಂಡಾಗ ಶರಣು ಎನ್ನುತ್ತೇವೆ. ಮೊದಲು ಶರಣು ಎಂದವನು ಸೋತನೆಂದು ನಮ್ಮಲ್ಲಿ ಯಾರೂ ಭಾವಿಸುವುದಿಲ್ಲ. ಮಾತು ಬಿಟ್ಟ ಮನೆಯಲ್ಲಿಯೂ ಹಾಗೆಯೇ ತಿಳಿದು, ಇಂದು ರಾತ್ರಿಯ ಊಟಕ್ಕೆ ಮುನ್ನ ನೀವೇ ಹೋಗಿ ಕರೆಯಿರಿ.

ಶರಣು ಶರಣಾರ್ಥಿ.